ಗೂಟ ನಂಬರ್ ಮೂರು

ಐದೂವರೆಗೆ ಬರಬೇಕು, ಸೂರ್ಯ ಬರಲಿ ಬಿಡಲಿ.
ಗೂಟದ ತಲೆಗೆ ಹೊಡೆದ ಹಲಗೆಯ ಮೇಲೆ ಕ್ಯಾಮೆರಾ ಇಟ್ಟು
ಎಡಕ್ಕೆ ಮುರಿದ ತೆಂಗಿನ ಬೊಡ್ಡೆ,
ಬಲಕ್ಕೆ ಚರ್ಚು ಬಿಟ್ಟುಹೋದ ಮೆಟ್ಟಿಲು,
ಎರಡೂ ಅಂಚಿಗೆ ಸರಿಯಾಗಿ ಕೂತವೋ ನೋಡಿ
ಒಂದೇ ಒಂದು ಸಲ ಒತ್ತಬೇಕು.
ಚಂದ ಬೇಡ ಅಂದಿದ್ದರು ಕಚೇರಿಯವರು,
ಅಳತೆ ಸಾಕು.

ಇದಕ್ಕೂ ಮೊದಲು ನಾನು ಸತ್ತವರ ಫೋಟೊದವನು.
ವೋಲ್ಟಾ ನದಿಯ ಈಚೆ ದಡದಲ್ಲಿ ಯಾರ ಮನೆಯ ಸಾವಿಗೂ
ಗೋಡೆಗೆ ಹಚ್ಚುವ ದೊಡ್ಡ ಚಿತ್ರ ನನ್ನದೇ:
ಗುರುತಿನ ಚೀಟಿಯ ಮುಖ ಹಿಗ್ಗಿಸಿ, ಸುಕ್ಕು ಒರೆಸಿ,
ಬರಿಮೈಯಲ್ಲೇ ಬದುಕಿದವನಿಗೆ ಕೋಟು ತೊಡಿಸಿ,
ಹಿಂದೆ ಒಂದಿಷ್ಟು ಮೋಡ.
ಇಲ್ಲಿ ನಾನು ಏನನ್ನೂ ಒರೆಸುವ ಹಾಗಿಲ್ಲ.
ಆ ಕೆಲಸ ಬೇರೆಯವರದು.

ಕತ್ತಲು ಇನ್ನೂ ತಿಳಿಯಾಗಿಲ್ಲ, ಆಗಲೇ ಬಲೆಯ ಹಗ್ಗ ಹಿಡಿದು
ಇಪ್ಪತ್ತು ಮೂವತ್ತು ಜನ ಮರಳಿಗೆ ಹಿಮ್ಮಡಿ ಊರಿ
ಹಿಂದೆ ಹಿಂದೆ ನಡೆಯುತ್ತಾರೆ.
ಅಗ್ಬೆಕೊ ಜೋಡಿಗಂಟೆ ಬಡಿಯುತ್ತಾನೆ, ಏಟಿಗೊಂದು ಎಳೆತ.
ಹಗ್ಗದ ಬಾಲಕ್ಕೆ ತಲುಪಿದವನು ಕೈಬಿಟ್ಟು
ಮತ್ತೆ ನೀರಂಚಿಗೆ ಓಡುತ್ತಾನೆ.
ಇಷ್ಟೆಲ್ಲ ಎಳೆದಾಗ ಹತ್ತಿರ ಬರುವುದು ಬಲೆ ಮಾತ್ರವೋ,
ಕಡಲೂ ಅದಕ್ಕೆ ಸಿಕ್ಕಿಕೊಂಡು ಬರುತ್ತಿದೆಯೋ
ಎಂದು ಒಮ್ಮೊಮ್ಮೆ ಅನುಮಾನ.

ಚೌಕಟ್ಟಿನೊಳಗೆ ಜನ ಇರಕೂಡದು, ಅದು ಇನ್ನೊಂದು ನಿಯಮ.
ನಾನು ಕೂಗುತ್ತೇನೆ; ಹಗ್ಗ ಅತ್ತ ಬಾಗುತ್ತದೆ,
ನಗುತ್ತ, ಬೈಯುತ್ತ.
ಅಫೀವಾ ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ.
ತಲೆಯ ಮೇಲೆ ಖಾಲಿ ಬೋಗುಣಿ, ಬಾಯಲ್ಲಿ ಹಲ್ಲುಕಡ್ಡಿ.
"ದಿನಾ ತೆಗೀತೀಯಲ್ಲ,
ನನ್ನ ಮನೆ ಒಂದು ಸಲವಾದರೂ ತೆಗೆದೆಯಾ?"
ಎಲ್ಲಿದೆ ಮನೆ, ಅಂದೆ.
ಕಡ್ಡಿ ತೆಗೆದು ಅದರಲ್ಲೇ ತೋರಿಸಿದಳು,
ಮೂರನೆಯ ಅಲೆ ಮುರಿಯುವಲ್ಲಿ.
"ಅದು ಅಡುಗೆಮನೆ. ಬಾವಿ ಅದರ ಬಲಕ್ಕೆ.
ಬಾಗಿಲು ಊರಿನ ಕಡೆಗೆ ಇತ್ತು.
ಅದು ಹಿತ್ತಿಲಿಂದ ಬಂತು. ಕಳ್ಳನ ಹಾಗಲ್ಲ, ನೆಂಟರ ಹಾಗೆ,
ವರ್ಷಕ್ಕೊಂದು ಕೋಣೆ ಕೇಳಿಕೊಂಡು."

ಬೋಗುಣಿ ಇಳಿಸಿದಳು. ಸೊಂಟದ ಬಟ್ಟೆ ಬಿಗಿದುಕೊಂಡಳು.
ಮನೆ ಮುಂದೆ ನಿಲ್ಲುವವರು ನಿಲ್ಲುವ ಹಾಗೆ ನಿಂತಳು,
ಒಂದು ಕೈ ಗಾಳಿಯಲ್ಲಿ,
ಬಾಗಿಲವಾಡದ ಎತ್ತರಕ್ಕೆ.
ಒತ್ತಿದೆ.

ಕಚೇರಿಯಿಂದ ಉತ್ತರ ಬಂತು:
ಹದಿನಾಲ್ಕರ ಚಿತ್ರ ಅಮಾನ್ಯ.
ಅಡ್ಡ ವ್ಯಕ್ತಿಯೊಬ್ಬರು ಇದ್ದಾರೆ.
ಆ ದಿನದ ಕೂಲಿ ಇಲ್ಲ.

ಬಿರುಗಾಳಿಯ ಒಂದು ರಾತ್ರಿ ಗೂಟವೂ ಹೋಯಿತು.
ಹಲಗೆ ಮರುದಿನ ಬಲೆಯಲ್ಲಿ ಸಿಕ್ಕಿತು,
ನಾಲ್ಕು ಬುಟ್ಟಿ ಬೂತಾಯಿಯ ಜೊತೆ.
ಅಗ್ಬೆಕೊ ಒಣಗಿಸಿ ತಂದುಕೊಟ್ಟ. ಮೀನಿನ ವಾಸನೆ ಇನ್ನೂ ಹೋಗಿಲ್ಲ.
ಹನ್ನೊಂದು ಹೆಜ್ಜೆ ಹಿಂದೆ ಬೇರೆ ಗೂಟ ನೆಟ್ಟೆವು, ನಂಬರ್ ಅದೇ.
ತೆಂಗಿನ ಬೊಡ್ಡೆ ಇಲ್ಲ. ಎಡ ಅಂಚಿಗೆ ಈಗ ಮಗುಚಿಟ್ಟ ದೋಣಿ,
ಅದು ಇರುವಷ್ಟು ದಿನ.

ಈಗ ನನ್ನ ಚಿತ್ರದೊಳಗೆ
ಮೊನ್ನೆ ತನಕ ನಾನು ನಿಂತ ಜಾಗ ಕಾಣುತ್ತದೆ.
ಅಲ್ಲಿ ಯಾರೂ ಇಲ್ಲ; ನಿಯಮದ ಪ್ರಕಾರ ಸರಿಯಾಗಿದೆ.
ನೊರೆ ಬಂದು ಹೋಗುತ್ತದೆ.
ಏಡಿಯೊಂದು ಗೂಟದ ಗುಳಿಗೆ ಇಳಿದು, ಮೇಲೆ ಬಂದು,
ಮತ್ತೆ ಇಳಿದು ನೋಡುತ್ತದೆ.
ಕಿತ್ತಳೆ ಬಣ್ಣ ಯಾರೂ ಕೇಳದೆಯೇ ಬಂದು
ಒದ್ದೆ ಮರಳಿನ ಮೇಲೆಲ್ಲ ಹರಡಿಕೊಳ್ಳುತ್ತದೆ.
ಅದನ್ನು ತಡೆಯಲು ನಿಯಮ ಇಲ್ಲ.

ಬಲೆ ದಡ ಸೇರಿದೆ, ಚೌಕಾಶಿ ಶುರುವಾಗಿದೆ.
ಅಫೀವಾ ಅಜ್ಜಿ ತುಂಬಿದ ಬೋಗುಣಿ ಹೊತ್ತು
ನೀರು ಸೋರಿಸಿಕೊಂಡು ಹೋಗುವಾಗ ನನ್ನ ಬಳಿ ನಿಂತು
ಅಲ್ಲಿ ಕಾಣುವ ಸ್ಟುಡಿಯೊದ ನೀಲಿ ತಗಡನ್ನು
ಗಲ್ಲದಲ್ಲೇ ತೋರಿಸಿ ಕೇಳುತ್ತಾಳೆ:
ನಿನ್ನದು, ಬಾಗಿಲು ಯಾವ ಕಡೆಗೆ?

ಊರಿನ ಕಡೆಗೆ, ಅಂದೆ.